ಮೊದಲ ಆಯ್ಕೆ ನಮ್ಮದು

ಸೋತವರನ್ನು ಕರೆದು ಮೊದಲ ಮಣೆ ಹಾಕುವ ಆಟವನ್ನು ನಾನು ನೋಡಿದ್ದು ನೈರೋಬಿಗೆ ಬಂದ ಮೇಲೆ. ನಮ್ಮ ಕಡೆ ಪಂಕ್ತಿಯ ಕೊನೆಯಲ್ಲಿ ಕೂತವನಿಗೆ ಸಿಗುವುದು ತಳ ಹಿಡಿದ ಪಾಯಸ. ಬೇಸ್‌ಬಾಲಿನವರ ಧರ್ಮವೇ ಬೇರೆ. ಹಿಂದಿನ ವರ್ಷ ಯಾವ ತಂಡ ಎಲ್ಲರಿಗಿಂತ ಕೆಳಗಿತ್ತೋ, ಹೊಸದಾಗಿ ಸೇರಲು ಬಂದ ಮಕ್ಕಳಲ್ಲಿ ತನಗೆ ಬೇಕಾದವರನ್ನು ಮೊದಲು ಆರಿಸಿಕೊಳ್ಳುವ ಹಕ್ಕು ಆ ತಂಡಕ್ಕೆ. ಆ ಹಕ್ಕನ್ನು ನಾವು ಯಾವ ಅನುಮಾನಕ್ಕೂ ಎಡೆಯಿಲ್ಲದಂತೆ ಸಂಪಾದಿಸಿದ್ದೆವು. ಆಡಿದ ಪಂದ್ಯಗಳನ್ನೆಲ್ಲ ಸೋತಿದ್ದೆವು.

ನಾವು ಎಂದರೆ ನೈರೋಬಿಯ ಕಿಲೆಲೆಶ್ವಾ ಬಡಾವಣೆಯ ಕನ್ನಡದ ಮನೆಗಳ ಮಕ್ಕಳು, ಅವರ ಶಾಲೆಯ ಗೆಳೆಯರು, ಮತ್ತು ಬೇಲಿಯ ಆಚೆ ಫ್ಲಾಸ್ಕು, ಚಕ್ಕುಲಿ ಡಬ್ಬಿ ಹಿಡಿದು ಕೂರುವ ತಂದೆತಾಯಿಗಳು. ಕ್ರಿಕೆಟ್ಟು ಬಿಟ್ಟು ಇದೇಕೆ ಎಂದು ಊರಿನವರು ಫೋನಿನಲ್ಲಿ ಕೇಳುತ್ತಾರೆ. ಕ್ರಿಕೆಟ್ಟಿನಲ್ಲಿ ಇಲ್ಲಿ ಚೆನ್ನಾಗಿ ಆಡುವವರು ತುಂಬ ಇದ್ದಾರೆ. ಬೇಸ್‌ಬಾಲ್ ಆದರೆ ಯಾರಿಗೂ ಅಷ್ಟಾಗಿ ಬರುವುದಿಲ್ಲ, ಆದ್ದರಿಂದ ನಮ್ಮ ಮಕ್ಕಳೂ ಮುಂದೆ ಬರಬಹುದು ಎಂಬುದು ನಮ್ಮವರ ಲೆಕ್ಕಾಚಾರ. ಬರದವರ ನಡುವೆಯೂ ಹಿಂದೆ ಬೀಳಬಹುದೆಂದು ಯಾರೂ ಯೋಚಿಸಿರಲಿಲ್ಲ.

ನಾನು ಈ ತಂಡದ ಮ್ಯಾನೇಜರ್. ಆಟ ತಿಳಿದಿತ್ತು ಅಂತಲ್ಲ. ತಂಡ ಕಟ್ಟುವ ಮೀಟಿಂಗು ನಮ್ಮ ಮನೆಯಲ್ಲೇ ನಡೆಯಿತು. ನಾನು ಒಳಗೆ ಟೀ ಸೋಸಿಕೊಂಡು ಟ್ರೇ ಹಿಡಿದು ಬರುವಷ್ಟರಲ್ಲಿ ಮ್ಯಾನೇಜರ್ ಆಗಿಬಿಟ್ಟಿದ್ದೆ. "ಮೇಡಂ ಟೀಚರ್ ಅಲ್ವಾ, ಮಕ್ಕಳು ಮಾತು ಕೇಳ್ತಾರೆ" ಎಂದು ಎಲ್ಲರೂ ಒಮ್ಮತದಿಂದ ತೀರ್ಮಾನಿಸಿದ್ದರು. ನಾನು ಶಾಲೆಯಲ್ಲಿ ಕಲಿಸುವುದು ಭೂಗೋಳ. ಮೈದಾನದಲ್ಲಿ ಉತ್ತರ ದಿಕ್ಕು ಯಾವುದು ಎಂದು ಕೇಳಿದರೆ ತಪ್ಪಿಲ್ಲದೆ ಹೇಳಬಲ್ಲೆ.

ಆಟವನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ನಡುವೆ ಒಂದು ಸಣ್ಣ ಮಣ್ಣಿನ ದಿಬ್ಬ. ಅದರ ಮೇಲೆ ನಿಂತವನು ಪಿಚರ್, ಅಂದರೆ ಚೆಂಡು ಎಸೆಯುವವನು. ಎದುರಿಗೆ ದಾಂಡು ಹಿಡಿದವನು, ಅವನ ಬೆನ್ನ ಹಿಂದೆ ಮುಖಕ್ಕೆ ಜಾಲರಿ ಕಟ್ಟಿಕೊಂಡು ಕುಕ್ಕರಗಾಲಿನಲ್ಲಿ ಕೂತು ಚೆಂಡು ಹಿಡಿಯುವ ಕ್ಯಾಚರ್. ಚೆಂಡು ನೆಲಕ್ಕೆ ಬೀಳದೆ, ದಾಂಡಿನವನ ಮಂಡಿಗೂ ಎದೆಗೂ ನಡುವಿನ ಎತ್ತರದಲ್ಲಿ ನೇರ ಹೋಗಬೇಕು. ನಾಲ್ಕು ಸಲ ಹಾಗೆ ಹೋಗಲಿಲ್ಲವೆಂದರೆ ದಾಂಡಿನವನು ಏನೂ ಮಾಡದೆಯೇ ಬೇಸ್ ಎನ್ನುವ ಮುಂದಿನ ಮನೆಗೆ ನಡೆದುಕೊಂಡು ಹೋಗಬಹುದು. ಮನೆಗಳನ್ನೆಲ್ಲ ಸುತ್ತಿ ಬಂದರೆ ಒಂದು ರನ್. ನಮ್ಮ ಎದುರಾಳಿಗಳು ಹೀಗೆ ನಡೆದು ನಡೆದೇ ಗೆದ್ದರು. ಓಡಿದ್ದು ಕಡಿಮೆ. ಒಬ್ಬ ಹುಡುಗನಂತೂ ದಾಂಡನ್ನು ನೆಲಕ್ಕಿಟ್ಟು ಕೈಕಟ್ಟಿ ನಿಂತಿರುತ್ತಿದ್ದ.

ನಮ್ಮ ಪಿಚರ್ ನನ್ನ ಮಗ.

ಈಗ ಓದುವವರಿಗೆ ಎಲ್ಲ ಅರ್ಥವಾಗಿರುತ್ತದೆ. ಕಿಲೆಲೆಶ್ವಾದಲ್ಲಿಯೂ ಎಲ್ಲರಿಗೂ ಅರ್ಥವಾಗಿತ್ತು. ನಮ್ಮ ತಂಡಕ್ಕೆ ಬೇಕಾದದ್ದು ನೇರವಾಗಿ ಎಸೆಯಬಲ್ಲ ಒಂದು ಕೈ. ಮೊದಲ ಆಯ್ಕೆಯಲ್ಲಿ ಒಳ್ಳೆಯ ಪಿಚರನ್ನು ತೆಗೆದುಕೊಂಡರೆ ತಂಡದ ಗ್ರಹಚಾರ ಬಿಡುತ್ತದೆ, ನನ್ನ ಮಗ ದಿಬ್ಬದಿಂದ ಇಳಿಯಬೇಕಾಗುತ್ತದೆ. ಹನ್ನೆರಡು ವರ್ಷದ ಹುಡುಗ. ಶಾಲೆಯಲ್ಲಿ ಯಾವುದಕ್ಕೂ ಮುಂದೆ ನಿಲ್ಲದವನು ಅಲ್ಲಿ ಎಲ್ಲರ ನಡುವೆ, ಎಲ್ಲರಿಗಿಂತ ಒಂದು ಗೇಣು ಎತ್ತರದಲ್ಲಿ ನಿಂತಿರುತ್ತಿದ್ದ. ಅವನು ಕೈ ಎತ್ತಿದಾಗಲೆಲ್ಲ ನಾನೂ ಕುರ್ಚಿ ಬಿಟ್ಟು ಎದ್ದು ನಿಲ್ಲುತ್ತಿದ್ದೆ. ಚೆಂಡು ಎಲ್ಲಿಗೆ ಹೋಯಿತೆಂಬುದು ನನಗೆ ಎರಡನೆಯ ವಿಷಯ. ನಾನು ಮ್ಯಾನೇಜರ್ ಆಗುವ ಮೊದಲೇ ಅವನ ತಾಯಿಯಾಗಿದ್ದೆ, ಸೀನಿಯಾರಿಟಿ ನೋಡಿದರೂ ಅದೇ ಮೇಲು.

ನಮ್ಮವರ ದಾಕ್ಷಿಣ್ಯ ದೊಡ್ಡದು. ಇಡೀ ಸೀಸನ್ನಿನಲ್ಲಿ ಒಬ್ಬರಾದರೂ ನನ್ನ ಎದುರು, ನಿಮ್ಮ ಮಗನಿಗೆ ಎಸೆಯಲು ಬರುವುದಿಲ್ಲ ಎಂದು ಹೇಳಲಿಲ್ಲ. "ಪಾಪ, ಎಷ್ಟು ಶ್ರದ್ಧೆಯಿಂದ ಎಸೀತಾನೆ" ಎಂದರು. "ಗಾಳಿ ಜಾಸ್ತಿ ಇತ್ತು ಇವತ್ತು" ಎಂದರು. ಸೋತ ಮೇಲೆ ಅವನ ಬೆನ್ನು ತಟ್ಟಿ ಕೋಡುಬಳೆ ಕೊಟ್ಟರು. ಒಬ್ಬರು, ಅಂಪೈರಿಗೆ ಕಣ್ಣಿನ ದೋಷವಿರಬೇಕು ಅಂದರು. ನಾನು ಅದನ್ನು ಕೂಡಲೇ ನಂಬಿದೆ.

ಯಾರನ್ನು ಆರಿಸಬೇಕೆಂದು ತೀರ್ಮಾನಿಸಲು ಮೂವರ ಕಮಿಟಿಯಾಯಿತು. ನಾನು, ಒಬ್ಬರು ದಂತವೈದ್ಯರು, ಮತ್ತು ಬೆಂಗಳೂರಿನಿಂದ ಕಂಪನಿ ಕಳಿಸಿದ ಒಬ್ಬ ಐಟಿಯವನು. ಡಾಕ್ಟರು ಮೈಸೂರಿನವರು, ಇಲ್ಲಿಗೆ ಬಂದು ಎಷ್ಟೋ ಕಾಲವಾಯಿತು, ಈಗ ಅವರ ಮೊಮ್ಮಗಳು ನಮ್ಮ ತಂಡದಲ್ಲಿದ್ದಾಳೆ. ಬಾಯಿ ತೆರೆದು ಕೂತವರಿಗೂ ನೋವಿನ ಸುದ್ದಿ ಹೇಳದೆ ಹಲ್ಲು ಕೀಳುವವರು. ಐಟಿಯವನಿಗೆ ಇಲ್ಲಿಯ ಜನ ಇನ್ನೂ ಹೊಸಬರು, ಆದರೆ ಯೂಟ್ಯೂಬಿನಲ್ಲಿ ಬೇಸ್‌ಬಾಲ್ ಪೂರ್ತಿ ಕಲಿತಿದ್ದ. ಮೊದಲ ಮೀಟಿಂಗಿಗೆ ಲ್ಯಾಪ್‌ಟಾಪ್ ತಂದು, ತಂಡದ ದುರ್ಬಲತೆಗಳು ಎಂದು ನಮ್ಮ ಟಿವಿಯ ಮೇಲೆ ತೋರಿಸಿದ. ಮೈದಾನದ ಇಳಿಜಾರು ಇತ್ತು, ಮಧ್ಯಾಹ್ನದ ಬಿಸಿಲು ಇತ್ತು, ಮಕ್ಕಳು ಆಟಕ್ಕೆ ಮೊದಲು ಬಿಸಿಬೇಳೆಬಾತ್ ತಿನ್ನುವುದೂ ಇತ್ತು. ಎಸೆತದ ಮಾತು ಎಲ್ಲೂ ಇರಲಿಲ್ಲ. "ಪಿಚಿಂಗ್ ಬಗ್ಗೆ ಏನೂ ಇಲ್ವಲ್ಲಪ್ಪ" ಎಂದು ನಾನೇ ಕೇಳಿದೆ. ಅವನು ಡಾಕ್ಟರ ಮುಖ ನೋಡಿದ. "ಅದು ಸ್ಟೇಬಲ್ ಆಗಿದೆ ಮೇಡಂ" ಅಂದ.

ಲೀಗಿನವರು ಹೊಸ ಮಕ್ಕಳನ್ನೆಲ್ಲ ಒಂದು ಶನಿವಾರ ಮೈದಾನದಲ್ಲಿ ಓಡಿಸಿ, ಎಸೆಯಿಸಿ, ಹೊಡೆಯಿಸಿ ತೋರಿಸಿದರು. ಉಳಿದ ತಂಡಗಳವರು ಕೈಯಲ್ಲಿ ಗಡಿಯಾರ ಹಿಡಿದು ಕಣ್ಣು ಮಿಟುಕಿಸದೆ ನೋಡಿದರು. ಇಬ್ಬರು ಎದ್ದು ಕಂಡರು. ಒಬ್ಬ ಸಿರಿವಂತರ ಬಡಾವಣೆ ರುಂಡಾದ ಹುಡುಗ, ಬೆಂಗಳೂರಿನ ಟೆಲಿಕಾಂ ಅಧಿಕಾರಿಯ ಮಗ, ಚೆಂಡನ್ನು ಬೇಲಿ ದಾಟಿಸಿದ. ಇನ್ನೊಬ್ಬಳು ಊರಂಚಿನ ಲಂಗಾಟಾದ ಹುಡುಗಿ, ಮಂಗಳೂರು ಮೂಲದ ಕ್ರಿಶ್ಚಿಯನ್ ಡಾಕ್ಟರ ಮನೆಯವಳು. ಅವಳು ಎಸೆದ ಚೆಂಡು ಬೇಲಿಯ ಆಚೆ ಕೂತ ನಮಗೂ ಕೇಳಿಸುವ ಹಾಗೆ ಹಿಡಿಯುವವನ ಕೈಗೆ ಬಡಿಯುತ್ತಿತ್ತು. ಅಷ್ಟಕ್ಕೇ ಆಯ್ಕೆ ಮುಗಿಸಬಹುದಿತ್ತು. ಆದರೆ ನಮ್ಮ ಹಲ್ಲಿನ ಡಾಕ್ಟರು ಒಪ್ಪಲಿಲ್ಲ.

"ಮೈದಾನದಲ್ಲಿ ನೋಡಿದ್ರೆ ಸಾಕಾ ಮೇಡಂ? ನಾಳೆ ನಮ್ಮ ಮಕ್ಕಳ ಜೊತೆ ಇರೋರು. ಮನೆ ಹೆಂಗಿದೆ, ಜನ ಹೆಂಗಿದಾರೆ, ಒಂದ್ಸಲ ಹೋಗಿ ನೋಡ್ಕೊಂಡು ಬರೋಣ" ಅಂದರು.

ಹೀಗೆ ನಾವು ಹುಡುಗ ನೋಡುವ ಶಾಸ್ತ್ರಕ್ಕೆ ಹೊರಟೆವು. ಜುಲೈ ತಿಂಗಳು, ನೈರೋಬಿಯ ಚಳಿ, ಮೂವರೂ ಸ್ವೆಟರು ಹಾಕಿಕೊಂಡಿದ್ದೆವು. ರುಂಡಾದಲ್ಲಿ ಮೊದಲು ಬಡಾವಣೆಯ ಗೇಟು, ಅದಾದ ಮೇಲೆ ಮನೆಯ ಗೇಟು. ಎರಡೂ ಕಡೆ ಕಾವಲಿನವರು ಯಾಕೆ ಬಂದಿರಿ ಎಂದು ಕೇಳಿದರು. ಐಟಿಯವನು ಬೇಸ್‌ಬಾಲ್ ಎಂದಾಗ ಅನುಮಾನದಿಂದ ನೋಡಿದರು. ಡಾಕ್ಟರು ಮುಂದೆ ಬಗ್ಗಿ, ಅತಿಥಿಗಳು, ಊಟಕ್ಕೆ ಬಂದಿದ್ದೇವೆ ಎಂದು ಸ್ವಾಹಿಲಿಯಲ್ಲಿ ಹೇಳಿದ ಮೇಲೆ "ಸವಾ", ಸರಿ, ಎಂದು ಒಳಗೆ ಬಿಟ್ಟರು.

ಒಳಗೆ ಕೇಸರಿಬಾತು, ಉಪ್ಪಿಟ್ಟು, ಫಿಲ್ಟರ್ ಕಾಫಿ. ಹುಡುಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಸೋಫಾದ ತುದಿಯಲ್ಲಿ ಕೂತ. ಹದಿಮೂರಕ್ಕೇ ಅಪ್ಪನಷ್ಟು ಎತ್ತರ. ಅವನ ತಾಯಿ ಒಂದೊಂದಾಗಿ ಗುಣ ಹೇಳಿದರು. ಹಾಲು ಕುಡೀತಾನೆ. ಬೇಗ ಮಲಗ್ತಾನೆ. ಆಡುವುದು ಎಡಗೈಯಲ್ಲಿ, "ಆದ್ರೆ ಊಟ ಬಲಗೈಯಲ್ಲೇ ಮೇಡಂ, ಅದರಲ್ಲಿ ಏನೂ ಸಂದೇಹ ಇಟ್ಕೋಬೇಡಿ" ಅಂದರು. ಡಾಕ್ಟರು ಅಭ್ಯಾಸಬಲದಿಂದ ಹುಡುಗನ ಬಾಯಿ ತೆರೆಸಿ ಹಲ್ಲು ನೋಡಿದರು. ಚೆನ್ನಾಗಿವೆ ಅಂದರು. ಚೆಂಡು ಎಸೆಯುತ್ತೀಯೇನಪ್ಪ ಎಂದು ನಾನು ಮೆಲ್ಲಗೆ ಕೇಳಿದೆ. "ನೋ ಆಂಟಿ, ಓನ್ಲಿ ಬ್ಯಾಟಿಂಗ್" ಅಂದ. ಆ ಹುಡುಗನ ಮೇಲೆ ನನಗೆ ಅಲ್ಲಿಯೇ ವಾತ್ಸಲ್ಯ ಉಕ್ಕಿತು. ಇನ್ನೊಂದು ಚಮಚ ಕೇಸರಿಬಾತು ಹಾಕಿಸಿಕೊಂಡೆ.

ಮರುದಿನ ಲಂಗಾಟಾಕ್ಕೆ. ನನ್ನ ಗಂಡನಿಗೆ ಬ್ಯಾಂಕಿನ ಕೆಲಸವಿತ್ತು, ಹಾಗಾಗಿ ಮಗನನ್ನೂ ಕರೆದುಕೊಂಡು ಹೋಗಬೇಕಾಯಿತು. ಆ ಮನೆಯಲ್ಲಿ ನಮಗಾಗಿ ಯಾರೂ ಸಿಂಗರಿಸಿಕೊಂಡಿರಲಿಲ್ಲ. ಹುಡುಗಿಯ ಅಪ್ಪ ಅಮ್ಮ ಆಸ್ಪತ್ರೆಗೆ ಹೋಗಿದ್ದರು. ಅಜ್ಜಿ ಒಬ್ಬರೇ ಇದ್ದರು, ಮೊಮ್ಮಗಳನ್ನು ಕೊಂಕಣಿಯಲ್ಲಿ ಕೂಗಿ ಕರೆದರು. ಹುಡುಗಿ ಹಿತ್ತಲಿನಿಂದ ಮಣ್ಣು ಮೆತ್ತಿದ ಮಂಡಿಗಳಲ್ಲಿ ಬಂದಳು. ನಾವು ಕೇಳುವ ಮೊದಲೇ ಅವಳೇ ನಮ್ಮನ್ನು ಕೇಳತೊಡಗಿದಳು. ಪ್ರಾಕ್ಟೀಸು ವಾರಕ್ಕೆ ಎಷ್ಟು ದಿನ, ಹಿಡಿಯುವವರು ಯಾರು.

"ಎಲ್ಲರೂ ಸರದಿ ಮೇಲೆ ಹಿಡೀತಾರಮ್ಮ. ಆ ಜಾಗ ಯಾರಿಗೂ ಇಷ್ಟ ಇಲ್ಲ" ಅಂದರು ಡಾಕ್ಟರು.

"ಮತ್ತೆ ಪಿಚರ್ ಯಾರು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ನಾವು ಮೂವರೂ ಕಿಟಕಿಯ ಕಡೆ ನೋಡಿದೆವು. ಪಕ್ಕದ ನ್ಯಾಷನಲ್ ಪಾರ್ಕಿನ ಕಡೆಯಿಂದ ಬಂದ ಕಾಡುಹಂದಿಯೊಂದು ಮಂಡಿಯೂರಿ ಅವರ ಹುಲ್ಲು ಮೇಯುತ್ತಿತ್ತು. ಐಟಿಯವನು ಅದರ ಫೋಟೋ ತೆಗೆದ. ನನ್ನ ಮಗ ಕೈ ಎತ್ತಿ, "ಮೀ" ಅಂದ. ಹುಡುಗಿ ಅವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಬಾ ಎಂದು ಹಿತ್ತಲಿಗೆ ಕರೆದುಕೊಂಡು ಹೋದಳು.

ಅಜ್ಜಿ ನಮಗೆ ನೀರುದೋಸೆ ಹಾಕಿಕೊಟ್ಟರು. "ನಮ್ಮವಳು ಸ್ವಲ್ಪ ಜೋರು. ಬಾಯಿಗೆ ಬಂದದ್ದು ಹೇಳಿಬಿಡುವುದು. ಎಂತ ಮಾಡುವುದು, ಇಲ್ಲಿಯೇ ಹುಟ್ಟಿದ್ದು" ಅಂದರು. ಹಿತ್ತಲ ಗೋಡೆಗೆ ಹಳೆಯ ಹಾಸಿಗೆಯೊಂದನ್ನು ನೇತುಹಾಕಿದ್ದರು. ಅದರ ಹತ್ತಿ ಒಂದೇ ಕಡೆ ಹೊರಬಂದಿತ್ತು, ಮಂಡಿಗೂ ಎದೆಗೂ ನಡುವೆ. ಆ ತೂತಿನ ಮುಂದೆ ನನ್ನ ಮಗ ಅವಳ ದಪ್ಪ ಗ್ಲೌಸು ಹಾಕಿಕೊಂಡು ಕುಕ್ಕರಗಾಲಿನಲ್ಲಿ ಕೂತಿದ್ದ. ಅವಳು ಎಸೆದಳು. ಅವನು ಹಿಡಿದ. ನಾವು ದೋಸೆ ತಿಂದು ಮುಗಿಸುವವರೆಗೂ ಅದೇ ಸದ್ದು, ನಡುನಡುವೆ ಇಬ್ಬರ ನಗು. ಡಾಕ್ಟರು ಮತ್ತು ಐಟಿಯವನು ತಟ್ಟೆ ಹಿಡಿದುಕೊಂಡೇ ಕಿಟಕಿಗೆ ಹೋಗಿ ನಿಂತಿದ್ದರು. ನಾನು ಅಜ್ಜಿಯ ಹತ್ತಿರ ಚಟ್ನಿಗೆ ಏನೇನು ಹಾಕಿದ್ದೀರಿ ಎಂದು ವಿಚಾರಿಸುತ್ತಿದ್ದೆ.

ವಾಪಸು ಬರುವಾಗ ಲಂಗಾಟಾ ರಸ್ತೆಯಲ್ಲಿ ಮಟಾಟು ಎಂಬ ಬಾಡಿಗೆ ಮಿನಿಬಸ್ಸುಗಳ ನಡುವೆ ಸಿಕ್ಕಿಕೊಂಡೆವು. ಪಕ್ಕದ ಮಟಾಟುವಿನ ಹಾಡು ನಮ್ಮ ಕಾರಿನ ಗಾಜನ್ನು ನಡುಗಿಸುತ್ತಿತ್ತು. ಮಗ ಹಿಂದಿನ ಸೀಟಿನಲ್ಲಿ ಕೂತು ಕೆಂಪಾದ ಅಂಗೈಯನ್ನು ಊದಿಕೊಳ್ಳುತ್ತಿದ್ದ. ನೋಯುತ್ತದೇನೋ ಅಂದೆ. ಇಲ್ಲ ಎಂದು ತಲೆಯಾಡಿಸಿದ. ಹುಡುಗಿ ಸ್ವಲ್ಪ ಒರಟು ಎಂದು ನನ್ನ ಮನಸ್ಸಿನಲ್ಲಿ ಆಗಲೇ ತೀರ್ಮಾನವಾಗಿತ್ತು.

ಕೊನೆಗೆ ಡಾಕ್ಟರೇ ಕೆಮ್ಮಿದರು. "ಹುಡುಗಿ ಎಸೀತಾಳೆ, ಚೆನ್ನಾಗೇ ಎಸೀತಾಳೆ. ಆದ್ರೆ..." ಎಂದು ನಿಲ್ಲಿಸಿದರು.

"ಆದ್ರೆ ನಮ್ಮ ಹತ್ರ ಪಿಚರ್ ಆಲ್‌ರೆಡಿ ಇದಾನೆ" ಎಂದು ಐಟಿಯವನು ವಾಕ್ಯ ಮುಗಿಸಿದ. ಅವನ ಧ್ವನಿ ಸತ್ತವರ ಮನೆಯಲ್ಲಿ ಮಾತಾಡುವವನ ಹಾಗಿತ್ತು.

"ರನ್ ಬರೋದು ಬ್ಯಾಟಿಂದ ತಾನೇ ಡಾಕ್ಟ್ರೇ? ನಮ್ಮಲ್ಲಿ ಹೊಡೆಯೋರೇ ಇಲ್ಲ. ನನಗೇನೋ ರುಂಡಾ ಹುಡುಗನೇ ಸರಿ ಅನ್ನಿಸುತ್ತೆ. ನೀವೇನಂತೀರಿ?" ಎಂದು ನಾನು ಕೇಳಿದೆ.

"ನೀವು ಹೇಗೆ ಹೇಳ್ತೀರೋ ಹಾಗೆ ಮೇಡಂ" ಅಂದರು ಇಬ್ಬರೂ. ನಮ್ಮಲ್ಲಿ ಈ ಮಾತಿಗೆ ಒಪ್ಪಿಗೆಯಿಲ್ಲ ಎಂದು ಅರ್ಥ. ನಾನು ಅದನ್ನು ಒಪ್ಪಿಗೆ ಎಂದೇ ತೆಗೆದುಕೊಂಡೆ. ಅಷ್ಟು ವರ್ಷ ಸಂಸಾರ ಮಾಡಿದವಳಿಗೆ ಹಾಗೆ ತೆಗೆದುಕೊಳ್ಳುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಆಯ್ಕೆಯ ದಿನದ ಪದ್ಧತಿ ಹೀಗೆ: ಲೀಗು ನಡೆಸುವ ಅಮೆರಿಕದ ಹೆಂಗಸು ಎಲ್ಲ ತಂಡಗಳನ್ನು ಹುಲ್ಲಿನ ಮೇಲೆ ಸುತ್ತ ಕೂರಿಸುತ್ತಾಳೆ. ತಂಡದ ನಾಯಕನಾದ ಮಗು ಎದ್ದು ನಿಂತು ತಮಗೆ ಬೇಕಾದ ಹೊಸ ಆಟಗಾರನ ಹೆಸರು ಹೇಳಬೇಕು. ಮಕ್ಕಳಿಗೆ ಧೈರ್ಯ ಬರಲಿ ಎಂದು ಅವಳು ಮಾಡಿದ ನಿಯಮ. ನಮ್ಮ ನಾಯಕ ಯಾರು ಎಂದು ಹೇಳಬೇಕಾಗಿಲ್ಲ. ಮ್ಯಾನೇಜರ ಮಗನಿರುವಾಗ ಇನ್ನೊಬ್ಬರ ಮಗುವನ್ನು ನಾಯಕ ಮಾಡುವಷ್ಟು ಒರಟರು ನಮ್ಮವರಲ್ಲ.

ಬೆಳಿಗ್ಗೆ ತಲೆ ಬಾಚುವಾಗ ಮಗನಿಗೆ ರುಂಡಾದ ಹುಡುಗನ ಹೆಸರನ್ನು ಎರಡು ಸಲ ಹೇಳಿಸಿದೆ. ಸರಿಯಾಗಿ ಹೇಳಿದ. "ಗಟ್ಟಿಯಾಗಿ ಹೇಳ್ಬೇಕು, ಎಲ್ಲರಿಗೂ ಕೇಳ್ಬೇಕು" ಅಂದೆ. "ಓಕೆ" ಅಂದ. ರುಂಡಾದವರು ನಮಗಿಂತ ಮೊದಲೇ ಬಂದಿದ್ದರು. ಹುಡುಗನ ತಾಯಿಯ ಮಡಿಲಲ್ಲಿ ದೊಡ್ಡದೊಂದು ಡಬ್ಬಿ ಇತ್ತು. ಮೈಸೂರು ಪಾಕು, ಹಂಚುವುದಕ್ಕೆ. ಕಮಿಟಿಯ ತೀರ್ಮಾನವನ್ನು ನಾನು ಅವರಿಗೆ ಹೇಳಿರಲಿಲ್ಲ, ಆದರೆ ಕೇಸರಿಬಾತನ್ನು ಎರಡು ಸಲ ಹಾಕಿಸಿಕೊಂಡವಳು ಬೇರೆ ಏನು ಹೇಳಬೇಕಿತ್ತು. ಲಂಗಾಟಾದ ಹುಡುಗಿ ಸ್ವಲ್ಪ ದೂರದಲ್ಲಿ ಕೂತು ಹುಲ್ಲು ಕಿತ್ತು ಹಲ್ಲಿನಲ್ಲಿ ಕಚ್ಚುತ್ತಿದ್ದಳು. ಅವಳ ಅಜ್ಜಿ ನನ್ನನ್ನು ನೋಡಿ ಕೈ ಬೀಸಿದರು. ನಾನೂ ಬೀಸಿದೆ.

ಕೊನೆಯ ಸ್ಥಾನದವರು ಮೊದಲು ಎಂದು ಕರೆದರು. ನನ್ನ ಮಗ ಎದ್ದು ನಿಂತ, ಪ್ಯಾಂಟಿನ ಹಿಂಭಾಗದ ಹುಲ್ಲು ಕೊಡವಿಕೊಂಡ. ನಂತರ ನಾನು ಹೇಳಿಕೊಟ್ಟಷ್ಟೇ ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ, ಆ ಹುಡುಗಿಯ ಹೆಸರು ಹೇಳಿದ.

ಮೊದಲು ಡಾಕ್ಟರು ಚಪ್ಪಾಳೆ ತಟ್ಟಿದರು. ಐಟಿಯವನು ಎದ್ದು ನಿಂತು ತಟ್ಟಿದ. ಬೇಲಿಯ ಆಚೆ ಕೂತ ನಮ್ಮ ತಂದೆತಾಯಿಗಳೆಲ್ಲ, ಗಾಳಿ ಎಂದವರು, ಶ್ರದ್ಧೆ ಎಂದವರು, ಅಂಪೈರಿನ ಕಣ್ಣು ಎಂದವರು, ಫ್ಲಾಸ್ಕು ಕೆಳಗಿಟ್ಟು ಎರಡೂ ಕೈಯಿಂದ ತಟ್ಟಿದರು. ಆ ಚಪ್ಪಾಳೆ ಒಂದಿಡೀ ಸೀಸನ್ನು ಅವರ ಕೈಯಲ್ಲೇ ಕಾಯುತ್ತಿತ್ತು. ರುಂಡಾದ ತಾಯಿ ಡಬ್ಬಿಯ ಮುಚ್ಚಳ ತೆಗೆದಿದ್ದವರು ಮತ್ತೆ ಮುಚ್ಚಿದರು. ಮುಂದಿನ ತಂಡ ಅವರ ಮಗನನ್ನೇ ಕರೆಯಿತು, ಡಬ್ಬಿ ಅಲ್ಲಿಗೆ ಹೋಯಿತು. ನಮ್ಮ ಕಡೆ ಬರಲಿಲ್ಲ.

ಸಿಟ್ಟಿನಲ್ಲಿ ನನಗೆ ಕಾರಿನ ಕೀಲಿ ಬ್ಯಾಗಿನಲ್ಲಿ ಸಿಗಲೇ ಇಲ್ಲ. ಮಗ ತನ್ನ ಪಾಡಿಗೆ ಬೆಲ್ಟು ಹಾಕಿಕೊಂಡು ಕೂತ. ಮೈದಾನದ ಗೇಟು ದಾಟಿದ ಮೇಲೆ ಶುರು ಮಾಡಿದೆ.

"ಏನೋ ಹೇಳಿಕೊಟ್ಟಿದ್ದು ನಾನು? ಎಲ್ಲರ ಎದುರಿಗೆ ಮರ್ಯಾದೆ ತೆಗೆದೆಯಲ್ಲ. ಇನ್ನು ನೀನು ಎಲ್ಲಿ ಎಸೀತೀಯ? ಅವಳು ಬಂದ ಮೇಲೆ ಆ ಜಾಗ ನಿಂಗೆ ಸಿಗುತ್ತಾ?"

"ನಾನು ಕ್ಯಾಚರ್ ಆಗ್ತೀನಿ" ಎಂದು ಇಂಗ್ಲಿಷಿನಲ್ಲಿ ಹೇಳಿದ. ನನ್ನ ಯಾವ ಪ್ರಶ್ನೆಗೂ ಅವನ ಉತ್ತರ ಇಂಗ್ಲಿಷಿನಲ್ಲೇ. "ನನಗೆ ಎಸೆಯೋದು ಇಷ್ಟ ಇಲ್ಲ ಅಮ್ಮ. ಮೊದಲಿಂದಲೂ ಇಷ್ಟ ಇರಲಿಲ್ಲ. ಎಲ್ಲರೂ ನನ್ನನ್ನೇ ನೋಡ್ತಾರೆ. ಮ್ಯಾಚಿನ ಹಿಂದಿನ ರಾತ್ರಿ ಹೊಟ್ಟೆ ನೋಯುತ್ತೆ."

"ಮತ್ತೆ ಯಾಕೆ ಎಸೀತಿದ್ದೆ ವರ್ಷವಿಡೀ?"

ಅವನು ತನ್ನ ಅಂಗೈ ನೋಡಿಕೊಂಡ. "ನಾನು ಎಸೆದಾಗೆಲ್ಲ ನೀನು ಎದ್ದು ನಿಲ್ತಿದ್ದೆ. ನಿನಗೆ ಅಷ್ಟು ಖುಷಿ ಆಗ್ತಿತ್ತು."

ಮುಂದಿನ ವೃತ್ತದಲ್ಲಿ ಪೊಲೀಸಿನವನು ಗಾಡಿಗಳನ್ನು ನಿಲ್ಲಿಸಿದ್ದ. ನಾನು ಬ್ರೇಕು ಒತ್ತಿ ಸ್ಟೀರಿಂಗು ಹಿಡಿದು ಕೂತೆ. ಬಾಳೆಹಣ್ಣು ಮಾರುವವನು ಗಾಜಿನ ಬಳಿ ಬಂದ. ಬೇಡ ಎಂದು ಕೈ ಅಲ್ಲಾಡಿಸಿದೆ.

"ಒಂದು ಮಾತು ಹೇಳ್ಬಾರದಿತ್ತೇನೋ" ಅಂದೆ ಕಡೆಗೆ.

"ಡಾಕ್ಟರ್ ಅಂಕಲ್‌ಗೆ ಹೇಳಿದ್ದೆ. ಬೇಡ ಪುಟ್ಟ, ಇದೊಂದು ಸೀಸನ್ನು ಎಸೆದುಬಿಡು, ಅಮ್ಮಂಗೆ ಬೇಜಾರಾಗುತ್ತೆ ಅಂದ್ರು. ಟೀಮಿನವರೆಲ್ಲ ಪರವಾಗಿಲ್ಲ ಅಂದ್ರು. ಎಲ್ಲರಿಗೂ ಗೊತ್ತಿತ್ತು."

ಅಂದರೆ ಅಷ್ಟು ಮಕ್ಕಳು, ಅವರ ಅಪ್ಪ ಅಮ್ಮಂದಿರು, ಒಂದು ವರ್ಷದ ಶನಿವಾರಗಳನ್ನೆಲ್ಲ ಸೋತದ್ದು ನನ್ನ ಮಗನಿಗಾಗಿ ಅಲ್ಲ. ನನಗಾಗಿ. ಅವನ ಮನಸ್ಸು ನೋಯದಂತೆ ಕಾಯುತ್ತಿದ್ದೇನೆ ಎಂದುಕೊಂಡು ನಾನು ಬೇಲಿಯ ಪಕ್ಕ ಎದ್ದು ನಿಲ್ಲುತ್ತಿದ್ದಾಗ, ಹನ್ನೆರಡು ವರ್ಷದ ಹುಡುಗ ಹೊಟ್ಟೆನೋವು ಇಟ್ಟುಕೊಂಡು ನನ್ನನ್ನು ಕಾಯುತ್ತಿದ್ದ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು. ಪೊಲೀಸಿನವನು ಬಿಟ್ಟ. ಹಿಂದಿನವರು ಹಾರ್ನು ಹೊಡೆದ ಮೇಲೆ ಗಾಡಿ ಮುಂದೆ ತೆಗೆದೆ.

ಸ್ವಲ್ಪ ದೂರ ಹೋದ ಮೇಲೆ ಅವನು ನನ್ನ ಮುಖವನ್ನು ಪಕ್ಕದಿಂದ ನೋಡಿದ.

"ಬೇಜಾರಾಯ್ತಾ ಅಮ್ಮ?" ಎಂದು ಕನ್ನಡದಲ್ಲೇ ಕೇಳಿದ.

"ಇಲ್ಲಪ್ಪ, ಯಾಕೆ ಬೇಜಾರು" ಅಂದೆ.

ಅವನು ನಂಬಿದವನ ಹಾಗೆ ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದ.